ಕ್ಯಾರಿಯರ್ ಮೇಲೆ ಕೂತವನ ಹಾಡು

ಗುಂಜೋಟಿಯಿಂದ ಉಮರ್ಗಾಕ್ಕೆ ಮೊದಮೊದಲು ಬಸ್ಸಿನ ದರ ಎಷ್ಟಿತ್ತು ಎಂದು ಕೇಳಿದರೆ ನಾನು ಸರಿಯಾಗಿ ಹೇಳಲಾರೆ. ದರ ಗೊತ್ತಿರಬೇಕಾದರೆ ದಿನಾಲೂ ಬಸ್ಸು ಹತ್ತಬೇಕಲ್ಲ, ನಾನು ಹತ್ತಿದ್ದು ನಾಲ್ಕಾರು ಸಲ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದಿತ್ತು, ಅವನ ಹಾಲಿ ಸಿಕ್ಕಾ ಮಾತ್ರ ನಮ್ಮ ಜೇಬು ಬಿಟ್ಟಿರಲಿಲ್ಲ. ಹೊಸ ಸರ್ಕಾರದ ಕಲದಾರ ರೂಪಾಯಿಯೂ ಬಂದಿತ್ತು. ಹಾಲಿ ಕೊಟ್ಟರೆ ಕಂಡಕ್ಟರ್ ಕಲದಾರ ಕೇಳುವವ, ಕಲದಾರ ಕೊಟ್ಟರೆ ಚಿಲ್ಲರೆಯನ್ನು ಹಾಲಿಯಲ್ಲಿ ಕೊಡುವವ. ಅವನ ಸಂಗಡ ಜಗಳ ತೆಗೆದು ಮುಗಿಸುವಷ್ಟರಲ್ಲಿ ಊರು ಬರುತ್ತಿತ್ತು. ದಿನವಿಡೀ ಅಂಗಡಿಯಲ್ಲಿ ಲೆಕ್ಕ ಬರೆಯುವವನಿಗೆ ದಾರಿಯಲ್ಲಿಯೂ ಲೆಕ್ಕ ಎಂದರೆ ತಲೆ ಕೆಡುತ್ತದೆ. ನಾನು ಮೊದಲೇ ಸಿಡುಕ.

ಉಮರ್ಗಾದ ಒಂದು ಬಟ್ಟೆ ಅಂಗಡಿಯಲ್ಲಿ ನಾನು ಮುನೀಮನಾಗಿದ್ದೆ. ಅದೇ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಮಶೀನು ಇಟ್ಟುಕೊಂಡು ಕೂಡುತ್ತಿದ್ದವನು ನನ್ನ ಗೆಳೆಯ. ಇಬ್ಬರೂ ಗುಂಜೋಟಿಯವರು, ಒಂದೇ ಓಣಿಯವರು. ನಮ್ಮದು ಒಕ್ಕಲುತನದ ಮನೆ, ಅವನದು ಸಿಂಪಿಗರ ಮನೆ. ಎರಡೂ ಮನೆಯವರು ಕೊರಳಲ್ಲಿ ಲಿಂಗ ಕಟ್ಟಿದವರು, ಸೋಮವಾರ ಸಂಜೆ ಮಠದ ಭಜನೆಗೆ ಹೋಗುವವರು. ಅವನ ಕಂಠಕ್ಕೆ ಮಠದಲ್ಲಿ ಮೊದಲ ಸಾಲು ಮೀಸಲಾಗಿತ್ತು. ಅವನು ಸಾಲು ಎತ್ತಿಕೊಟ್ಟರೆ ನಾವೆಲ್ಲ ಹಿಂದಿನಿಂದ ಹಿಡಿಯುತ್ತಿದ್ದೆವು. ನಮ್ಮಪ್ಪ ಹಿಡಿಯುತ್ತಲೂ ಇರಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತು, ಹಾಡು ಮುಗಿದ ಮೇಲೆ ನನ್ನ ಕಡೆ ನೋಡಿ, ನೀನೂ ಹಾಡುತ್ತೀಯಲ್ಲ ಅಂತ ನಗುವವನು. ನನ್ನ ದನಿ ಕೇಳಿದರೆ ಎಮ್ಮೆ ಹಾಲು ಬಿಡುವುದಿಲ್ಲ ಎಂಬುದು ನಮ್ಮ ಮನೆಯ ಹಳೆಯ ಮಾತು.

ಬಸ್ಸಿನ ಗೊಡವೆ ಬೇಡವೆಂದು ಇಬ್ಬರೂ ಅರ್ಧರ್ಧ ಹಾಕಿ ಸೋಲಾಪುರದಿಂದ ಒಂದು ಹಳೆಯ ಸೈಕಲ್ ತರಿಸಿದೆವು. ಕರಾರು ಹೀಗಿತ್ತು: ಮುಂಜಾನೆ ನಾನು ತುಳಿಯಬೇಕು, ಸಂಜೆ ಅವನು. ದಿನವೆಲ್ಲ ಮಶೀನಿನ ಪಾವಟಿಗೆ ತುಳಿದವನು ಸಂಜೆ ಮತ್ತೆ ಸೈಕಲ್ಲನ್ನೂ ತುಳಿಯುವುದು ನ್ಯಾಯವಲ್ಲ ಎಂದು ನಾನು ಒಂದು ಸಲ ಹೇಳಿದೆ. ಕಾಲಿಗೇನೂ ಗೊತ್ತಾಗುವುದಿಲ್ಲ, ಅದು ಇನ್ನೂ ಯಾರದೋ ಕಮೀಜು ಹೊಲಿಯುತ್ತಿದ್ದೇನೆ ಅಂದುಕೊಂಡಿರುತ್ತದೆ ಎಂದ. ಮುಂಜಾನೆ ಅವನು ಹಿಂದೆ ಕ್ಯಾರಿಯರ್ ಮೇಲೆ ಕೂತು ಹಾಡುತ್ತಿದ್ದ. ತತ್ವಪದಗಳು, ಅವನ ಅವ್ವನಿಂದ ಬಂದ ಪದಗಳು, ಕೆಲವು ಅವನೇ ಅರ್ಧ ಕಟ್ಟಿದವು. ಎಲ್ಲ ನಮ್ಮ ಕನ್ನಡ. ಎರಡೂ ಬದಿಗೆ ಕರಿಮಣ್ಣಿನ ಹೊಲ, ಜೋಳ ಆಳೆತ್ತರ ಬೆಳೆದ ದಿನಗಳಲ್ಲಿ ಅವನ ದನಿ ಕೇಳಿ ಒಳಗಿನಿಂದ ಯಾರಾದರೂ ಹೆಂಗಸರು ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದರು. ಮುಖ ಕಾಣುತ್ತಿರಲಿಲ್ಲ. ಉಮರ್ಗಾದ ಸುಂಕದ ನಾಕೆ ಹತ್ತಿರ ಬಂದಾಗ ನಾವು ಇಳಿದು ಸೈಕಲ್ ದಬ್ಬಿಕೊಂಡು ಹೋಗಬೇಕಾಗಿತ್ತು. ಡಬಲ್ ಸೀಟ್ ಕಂಡರೆ ಪೊಲೀಸರು ಹಿಡಿಯುತ್ತಿದ್ದರು. ಹಾಡೂ ಅಲ್ಲಿಯೇ ನಿಲ್ಲುತ್ತಿತ್ತು.

ನಾಕೆಯ ಆಚೆ ನಮ್ಮ ಬಾಯಿ ಬೇರೆ. ಅಂಗಡಿಯಲ್ಲಿ ಮಾತೆಲ್ಲ ಮರಾಠಿ. ನಾನು ಬರೆಯುವ ಲೆಕ್ಕದ ಕೀರ್ದಿಯೂ ಮರಾಠಿ. ಮನೆಯ ಹೊಲದ ಕಾಗದಗಳು ಉರ್ದು. ನನ್ನ ಗೆಳೆಯ ಉರ್ದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದ್ದ, ಸಹಿ ಮಾಡಿದರೂ ಬಲದಿಂದ ಎಡಕ್ಕೆ ಮಾಡುತ್ತಿದ್ದ. ಉಂಡಿದ್ದು, ಅತ್ತಿದ್ದು, ಬೈದದ್ದು, ಹಾಡಿದ್ದು ಮಾತ್ರ ಕನ್ನಡ. ಅದನ್ನು ಯಾವ ಕಾಗದದ ಮೇಲೂ ಯಾರೂ ನಮಗೆ ಕೇಳಿರಲಿಲ್ಲ. ಇದರಲ್ಲಿ ಏನಾದರೂ ತೊಡಕಿದೆ ಎಂದು ನಮಗೆ ಅನಿಸಿಯೂ ಇರಲಿಲ್ಲ.

ಅವನ ಉಸಿರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಹುತುತು ಆಟದಲ್ಲಿ ಅವನನ್ನು ಮೀರಿಸುವವರು ನಮ್ಮ ಕಡೆ ಇರಲಿಲ್ಲ. ಎದುರಿನವರ ಪಾಳೆಯಕ್ಕೆ ನುಗ್ಗಿ ಉಸಿರು ಬಿಡದೆ ಹುತುತು ಹುತುತು ಅನ್ನುತ್ತ ಅವನು ಸುತ್ತು ಹಾಕುವಾಗ, ಎದುರಿನವರು ಅವನನ್ನು ಹಿಡಿಯುವುದು ಬಿಟ್ಟು ಅವನ ದಮ್ಮು ಯಾವಾಗ ಮುಗಿದೀತು ಎಂದು ಬಾಯಿ ನೋಡುತ್ತ ನಿಲ್ಲುತ್ತಿದ್ದರು. ನಿಲಂಗಾದಲ್ಲಿ ಒಮ್ಮೆ ಹಾಗೆ ನಿಂತ ಇಬ್ಬರನ್ನು ಮುಟ್ಟಿ ಬಂದ. ನಾನು ಆಟಗಾರನಲ್ಲ, ಗಡಿಗೆರೆಯ ಆಚೆ ನಿಂತು ತೀರ್ಪು ಕೊಡುವ ಪಂಚರನ್ನು ಬೈಯುವವನು. ಆ ಕೆಲಸಕ್ಕೆ ಯಾರೂ ನನಗೆ ಸಂಬಳ ಕೊಡದಿದ್ದರೂ ಮನಸ್ಸಿಟ್ಟು ಮಾಡುತ್ತಿದ್ದೆ.

ಉದಗೀರದಲ್ಲಿ ಪಂದ್ಯ ಇದ್ದರೆ ಅವನಿಗೆ ಎಲ್ಲಿಲ್ಲದ ಹುರುಪು. ಅದಕ್ಕೆ ಕಾರಣ ಆಟವಲ್ಲ. ಅವನ ಅಕ್ಕನನ್ನು ಉದಗೀರದ ಆಚೆ ಜಳಕೋಟಕ್ಕೆ ಕೊಟ್ಟಿದ್ದರು. ಉಮರ್ಗಾದಿಂದ ನಿಲಂಗಾಕ್ಕೆ ಒಂದು ಬಸ್ಸು, ನಿಲಂಗಾದಿಂದ ಉದಗೀರಕ್ಕೆ ಇನ್ನೊಂದು, ಅಲ್ಲಿಂದ ಮುಂದೆ ಸಂತೆಯ ದಿನದ ಮೋಟಾರು ಅಥವಾ ಯಾರದಾದರೂ ಚಕ್ಕಡಿ. ಹೋಗಿಬರುವ ಖರ್ಚಿನಲ್ಲಿ ಒಂದು ಸೀರೆ ಬರುತ್ತದೆ ಎಂದು ಅಕ್ಕನ ಮನೆಯವರು ಅವಳನ್ನು ನಾಗಪಂಚಮಿಗೆ ಬಿಟ್ಟರೆ ಬೇರೆ ದಿನ ಕಳಿಸುತ್ತಿರಲಿಲ್ಲ. ಪಂದ್ಯವಾದರೆ ಉದಗೀರದವರೆಗೆ ತಂಡಕ್ಕೆ ಲಾರಿ ಇರುತ್ತಿತ್ತು, ಕಾಸು ಬಿಚ್ಚಬೇಕಾಗಿರಲಿಲ್ಲ. ಆಟ ಮುಗಿದ ಕೂಡಲೇ ಮೈಮೇಲಿನ ಮಣ್ಣು ಕೊಡವಿಕೊಂಡು ಇವನು ಜಳಕೋಟದ ದಾರಿ ಹಿಡಿಯುತ್ತಿದ್ದ. ಒಂದು ಸಲ ನಾನೂ ಹೋಗಿದ್ದೆ. ಅಕ್ಕ ರೊಟ್ಟಿ ಬಡಿಯುತ್ತ, ಹಾಡು ಎಂದು ಅವನಿಗೆ ಹೇಳಿದಳು. ಅವನು ಹಾಡಿದ. ಅವಳು ಹೆಂಚಿನ ಕಡೆಗೆ ಮುಖ ಮಾಡಿಕೊಂಡೇ ಇದ್ದಳು. ರೊಟ್ಟಿ ಎರಡು ಹೊತ್ತಿದವು, ಅವನ್ನು ನನಗೇ ಹಾಕಿದಳು.

ಈ ನಡುವೆ ನಮ್ಮ ಸಾಹುಕಾರರು ಅಂಗಡಿಗೆ ರೇಡಿಯೋ ತಂದರು. ಎರಡು ಬಿದಿರು ನೆಟ್ಟು ತಂತಿ ಕಟ್ಟಿ, ಪೋಸ್ಟಿನಲ್ಲಿ ಲೈಸನ್ಸ್ ಮಾಡಿಸಿ, ಕುಂಕುಮ ಹಚ್ಚಿ ಕೂರಿಸಿದರು. ಉಮರ್ಗಾದಲ್ಲಿ ಆಗ ಕರೆಂಟು ಇಲ್ಲ, ಅದು ಬ್ಯಾಟರಿಯ ರೇಡಿಯೋ. ಬ್ಯಾಟರಿ ಇಳಿದಾಗಲೆಲ್ಲ ಅದನ್ನು ಬಸ್ಸಿನಲ್ಲಿ ಸೋಲಾಪುರಕ್ಕೆ ಕಳಿಸಿ ಚಾರ್ಜು ಮಾಡಿಸಬೇಕಾಗಿತ್ತು. ಅದಕ್ಕೆ ಲಗೇಜಿನ ಟಿಕೆಟು, ಇಳಿಸುವ ಹಮಾಲನ ಕೂಲಿ, ಆ್ಯಸಿಡ್ ಚೆಲ್ಲಿ ಯಾರದಾದರೂ ಧೋತರ ಸುಟ್ಟರೆ ಅದರ ದಂಡ. ಮೂಗಿಗಿಂತ ಮೂಗುತಿ ಭಾರ ಎಂದು ನಾನು ಖರ್ಚಿನ ಬಾಬು ಬರೆಯುವಾಗ ಗೊಣಗುತ್ತಿದ್ದೆ. ನಾನು ಸೈಕಲ್ ತುಳಿದುಕೊಂಡು ಬರುವುದು, ಬ್ಯಾಟರಿ ಬಸ್ಸಿನಲ್ಲಿ ಕೂತು ಹೋಗುವುದು! ಸಾಹುಕಾರರಿಗೆ ಇದನ್ನು ಹೇಳಿದರೆ, ಬ್ಯಾಟರಿಗೆ ಕಾಲಿಲ್ಲಪಾ ಎಂದರು.

ಏನೇ ಅನ್ನಲಿ, ಸಂಜೆ ಅದು ಮಾತಾಡಲು ಸುರು ಮಾಡಿದರೆ ಕಟ್ಟೆ ತುಂಬ ಜನ. ಹೈದರಾಬಾದಿನ ಕಡೆಯಿಂದ ಒಂದೊಂದು ಹೊತ್ತಿಗೆ ಒಂದೊಂದು ಭಾಷೆ ಬರುತ್ತಿತ್ತು: ಉರ್ದು, ತೆಲುಗು, ಮರಾಠಿ, ವಾರದಲ್ಲಿ ಕೆಲವು ಸಲ ಕನ್ನಡ. ಕನ್ನಡ ಬಂದಾಗ ನನ್ನ ಗೆಳೆಯ ಮಶೀನು ನಿಲ್ಲಿಸುತ್ತಿದ್ದ. ಹೀಗೆ ಒಂದು ಸಂಜೆ, ಹಳ್ಳಿಯ ಹಾಡುಗಾರರು ದನಿಪರೀಕ್ಷೆಗೆ ಅರ್ಜಿ ಹಾಕಬಹುದು ಎಂದು ರೇಡಿಯೋ ಹೇಳಿತು. ಕಟ್ಟೆಯ ಮೇಲಿದ್ದವರೆಲ್ಲ ಇವನ ಕಡೆ ತಿರುಗಿದರು. ಇವನು ತಲೆ ಬಗ್ಗಿಸಿ ಕಾಜ ಹೊಲಿಯುತ್ತಿದ್ದ.

ಆ ಸಂಜೆ ನಾಕೆ ದಾಟಿದ ಮೇಲೆ ಅವನು ಸೈಕಲ್ ತುಳಿಯತೊಡಗಿದ. ಆಮೇಲೆ ಹೇಳಿದ.

"ಜಳಕೋಟದಾಗ ಅಡತಿ ಅಂಗಡ್ಯಾಗ ರೇಡಿಯೋ ಬಂದದಂತ. ಅಕ್ಕನ ಮನಿಗಿ ನಾಕ ಹೆಜ್ಜಿ. ನಾ ಹೈದರಾಬಾದದಾಗ ಹಾಡಿದ್ರ ಆಕಿ ಬಸ್ ಹತ್ತಲಾರದನ ನನ್ನ ದನಿ ಕೇಳ್ತಾಳ."

ಅವನಿಗೆ ಬೇಕಾಗಿದ್ದು ಇಷ್ಟೇ. ಹೆಸರು ಬೇಕಾಗಿರಲಿಲ್ಲ, ಅಲ್ಲಿ ಸಿಗುವ ನಾಲ್ಕು ರೂಪಾಯಿಯೂ ಅವನ ತಲೆಯಲ್ಲಿರಲಿಲ್ಲ. ನನಗೆ ಹಿಂದಿನಿಂದ ಅವನ ಬೆನ್ನು ಕಾಣುತ್ತಿತ್ತು, ಬೆವರಿಗೆ ಅಂಗಿ ಅಂಟಿಕೊಂಡಿತ್ತು. ಅವನು ಅಷ್ಟು ಆಸೆಯಿಂದ ಏನನ್ನೂ ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೈದರಾಬಾದಿನಿಂದ ಅಂಗಡಿಗೆ ಬಟ್ಟೆಯ ಥಾನು ತರುವ ವ್ಯಾಪಾರಿಯ ಗುಮಾಸ್ತ ಅರ್ಜಿಯ ಫಾರ್ಮು ತಂದುಕೊಟ್ಟ. ಒಂದು ಹಾಳಾದರೆ ಇರಲಿ ಎಂದು ಎರಡು ತಂದಿದ್ದ. ಇಂಗ್ಲಿಷಿನಲ್ಲಿತ್ತು. ಕಟ್ಟೆಯ ಮೇಲೆ ಅಷ್ಟಿಷ್ಟು ಇಂಗ್ಲಿಷು ಬರುವವನು ನಾನೊಬ್ಬ. ಮಧ್ಯಾಹ್ನ ಬುತ್ತಿ ಉಂಡ ಮೇಲೆ ಇಬ್ಬರೂ ಕೂತೆವು. ಹೆಸರು, ತಂದೆಯ ಹೆಸರು, ವಯಸ್ಸು, ಊರು. ಯಾವ ವಾದ್ಯ? ವಾದ್ಯವಿಲ್ಲ, ಬರೀ ಕಂಠ. ಗುರು ಯಾರು? ಅವ್ವ ಅಂತ ಬರಿ ಎಂದ, ಬರೆದೆ. ಆಮೇಲೆ ಭಾಷೆ ಎಂಬ ಖಾಲಿ ಮನೆ ಬಂತು. ಇದರಲ್ಲಿ ಏನು ಕೇಳುತ್ತಾರೆ ಎಂದು ಅವನು ವಿಚಾರಿಸಲಿಲ್ಲ. ನೀ ತಿಳಿದವ, ನೀನ ಬರಿ ಎಂದು ಹೇಳಿ ಸೂಜಿಗೆ ದಾರ ಪೋಣಿಸಲು ಹೋದ.

ನಾನು ಮರಾಠಿ ಎಂದು ಬರೆದೆ.

ಕೈ ತಾನೇ ಬರೆಯಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ಸುಳ್ಳೂ ಅಲ್ಲ. ರಾಜ್ಯಗಳನ್ನು ಒಡೆದು ಕೂಡಿಸುವ ಮಾತು ಆಗ ಎಲ್ಲ ಕಡೆ ನಡೆದಿತ್ತು. ಉಮರ್ಗಾ, ನಿಲಂಗಾ, ಉದಗೀರ ಯಾವ ಕಡೆ ಬೀಳುತ್ತವೆ ಎಂದು ಚಹದ ಅಂಗಡಿಗಳಲ್ಲಿ ಜನ ಪಂಥ ಕಟ್ಟುತ್ತಿದ್ದರು. ಮನೆಯಲ್ಲಿ ಏನು ಮಾತಾಡುತ್ತೀರಿ ಎಂದು ಕೇಳಿಕೊಂಡು ಬಂದವರೂ ಇದ್ದರು. ನಮ್ಮ ಸಾಹುಕಾರರೂ ಲಿಂಗವಂತರೇ, ಮನೆಯಲ್ಲಿ ಕನ್ನಡವೇ. ಆದರೂ ನಮಗೆಲ್ಲ ಒಂದು ಬುದ್ಧಿ ಹೇಳಿಟ್ಟಿದ್ದರು: ಮನೆಯಲ್ಲಿ ಏನಾದರೂ ಮಾತಾಡಿರಿ, ಕಾಗದದಲ್ಲಿ ಮರಾಠಿ ಬರೆಯಿರಿ, ವ್ಯಾಪಾರಸ್ಥರಿಗೆ ತಕರಾರು ಒಳ್ಳೆಯದಲ್ಲ. ಹೀಗಾಗಿ ಭಾಷೆ ಎಂದು ಕಾಗದ ಕೇಳಿದರೆ ಮರಾಠಿ ಎನ್ನುವುದು ನಮ್ಮ ಕೈಗೆ ರೂಢಿಯಾಗಿಬಿಟ್ಟಿತ್ತು. ಯಾವ ಭಾಷೆಯಲ್ಲಿ ಹಾಡುತ್ತೀ ಎಂದು ಈ ಕಾಗದ ಕೇಳುತ್ತಿದೆ ಎಂಬುದು ಕೈಗೆ ಹೊಳೆಯಲಿಲ್ಲ.

ಆದರೆ ನನಗೆ ಹೊಳೆಯಿತು. ಅವನು ಸಹಿ ಮಾಡಿದ ಮೇಲೆ, ಲಕೋಟೆಗೆ ಗೋಂದು ಹಚ್ಚುವ ಮುಂಚೆ ಇನ್ನೊಂದು ಸಲ ಓದಿದಾಗ ಹೊಳೆಯಿತು. ಎರಡನೆಯ ಫಾರ್ಮು ಪೆಟ್ಟಿಗೆಯಲ್ಲಿಯೇ ಇತ್ತು. ಬರೆಯಲು ಕಾಲು ಗಂಟೆಯ ಕೆಲಸ. ನಾನು ಬರೆಯಲಿಲ್ಲ. ಮರಾಠಿ ಎಂದರೆ ಬಾಗಿಲು ಬೇಗ ತೆಗೆದೀತು, ಒಳಗೆ ಹೋದ ಮೇಲೆ ಅವನ ಕಂಠವೇ ತನ್ನ ದಾರಿ ನೋಡಿಕೊಂಡೀತು ಎಂದುಕೊಂಡೆ. ಅದರ ತಳದಲ್ಲಿ ಇನ್ನೊಂದಿತ್ತು. ಇವನು ರೇಡಿಯೋಕ್ಕೆ ಹತ್ತಿಬಿಟ್ಟರೆ ಈ ಸೈಕಲ್ಲು, ಈ ದಾರಿ, ಮುಂಜಾನೆಯ ಹಾಡು ನನಗೊಬ್ಬನಿಗೇ ಇರುವುದಿಲ್ಲ. ಅದು ನನಗೆ ಸೇರಲಿಲ್ಲ. ಇದು ಹೊಟ್ಟೆಕಿಚ್ಚು ಎಂದು ಹೇಳಿಕೊಳ್ಳಲು ನನಗೆ ಅರ್ಧ ಆಯುಷ್ಯ ಬೇಕಾಯಿತು. ಲಕೋಟೆ ಅಂಟಿಸಿ ಪೋಸ್ಟಿಗೆ ಹಾಕಿದೆ.

ಕರೆ ಬಂತು. ಹೈದರಾಬಾದಿನ ಬಸ್ಸಿನ ಖರ್ಚಿಗೆ ಅವನು ಸೈಕಲ್ಲಿನ ತನ್ನ ಅರ್ಧವನ್ನು ನನಗೆ ಮಾರಲು ಬಂದ. ಬೇಡ ಎಂದು ಸಾಹುಕಾರರೇ ಕೊಟ್ಟರು. ಹೊಸ ಅಂಗಿ ತಾನೇ ಹೊಲಿದುಕೊಂಡ. ಬಸ್ಸು ಹತ್ತಿಸುವಾಗ ನಮ್ಮಪ್ಪ ಗುಂಜೋಟಿಯಿಂದ ನಡೆದು ಬಂದಿದ್ದ, ಅವನ ಹಣೆಗೆ ವಿಭೂತಿ ಹಚ್ಚಿದ. ಅಕ್ಕನಿಗೆ ಮೊದಲೇ ಹೇಳಿ ಕಳಿಸಿಯಾಗಿತ್ತು.

ಮೂರನೆಯ ದಿನ ಬಂದ. ಅವನೇ ಎಲ್ಲ ಹೇಳಿದ. ಗೋಡೆಗೆ ಬಟ್ಟೆ ಹೊದಿಸಿದ ಖೋಲಿ, ಗಾಜಿನ ಆಚೆ ಮೂರು ಜನ. ಇವನು ಕಣ್ಣು ಮುಚ್ಚಿ ತನ್ನ ಪದ ಎತ್ತಿದ್ದಾನೆ. ಒಬ್ಬರು ಕೈ ಮಾಡಿ ನಿಲ್ಲಿಸಿ, ಇದಲ್ಲ, ಮರಾಠಿ ಹಾಡು ಎಂದರಂತೆ. ಇವನು ಒಂದು ಅಭಂಗ ಸುರು ಮಾಡಿದ. ಅಂಗಡಿಯಲ್ಲಿ ಮೊಳ ಅಳೆಯುವ ಮರಾಠಿ ಬೇರೆ, ಅಭಂಗದ ಮರಾಠಿ ಬೇರೆ. ಎರಡು ಸಾಲಿಗೆ ಬಸ್ ಎಂದರು. ಆಯ್ಕೆಯಾಗಿಲ್ಲ ಎಂದು ಕೆಲವು ದಿನಗಳ ಮೇಲೆ ಕಾಗದ ಬಂತು. ಅದನ್ನೂ ನಾನೇ ಓದಿ ಹೇಳಬೇಕಾಯಿತು.

ಅವರ ತಪ್ಪೇನೂ ಇಲ್ಲ. ಮರಾಠಿ ಎಂದು ಬರೆದವನನ್ನು ಮರಾಠಿಯವರು ಪರೀಕ್ಷೆ ಮಾಡಿದರು. ಕನ್ನಡದವರ ದಿನ ಬೇರೆ ಇರುತ್ತಿತ್ತು, ಆ ದಿನ ಇವನು ಹೋಗಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಇವನಿಗೆ ಮಾತ್ರ ಒಂದು ಗೊತ್ತಾಗಿತ್ತು, ಅದು ತಪ್ಪಾಗಿ ಗೊತ್ತಾಗಿತ್ತು. ತನ್ನ ಕನ್ನಡದ ಪದ ಕೇಳಿದ ಕೂಡಲೇ ಅವರು ಕೈ ಮಾಡಿದರಲ್ಲ, ಅದೇ ಅವನ ಎದೆಯಲ್ಲಿ ಕೂತುಬಿಟ್ಟಿತು. ರೇಡಿಯೋದಲ್ಲಿ ಕನ್ನಡ ಬರುತ್ತದಲ್ಲ ಎಂದು ಕಟ್ಟೆಯ ಮೇಲೆ ಯಾರೋ ಅಂದರು.

"ಅದು ಓದಿದವ್ರ ಕನ್ನಡರೀ," ಎಂದ. "ನಮ್ಮದು ಹೊಲದಾಗ ಕೂಗೋದು. ಅವ್ರಿಗಿ ಗೊತ್ತಾಗಂಗಿಲ್ಲೇನು?"

ನಾನು ಕೀರ್ದಿಯ ಮೇಲೆ ತಲೆ ಬಗ್ಗಿಸಿ ಕೂತಿದ್ದೆ. ಅವತ್ತು ಬರೆದ ಮೊತ್ತ ಸಂಜೆಗೆ ತಾಳೆಯಾಗಲಿಲ್ಲ.

ಅಂದಿನಿಂದ ಅವನು ಕ್ಯಾರಿಯರ್ ಮೇಲೆ ಸುಮ್ಮನೆ ಕೂಡತೊಡಗಿದ. ಹಾಡು ಎಂದರೆ ಉಸಿರು ಸಾಲುವುದಿಲ್ಲ ಎನ್ನುತ್ತಿದ್ದ. ಹುತುತು ಆಡುವಾಗ ಅದೇ ಉಸಿರು ಸಾಲುತ್ತಿತ್ತು, ಊರವರು ಅದನ್ನು ಹೇಳಿ ನಗುತ್ತಿದ್ದರು. ಮಠದಲ್ಲಿ ಮೊದಲ ಸಾಲು ಬೇರೆ ಯಾರೋ ಎತ್ತಿದರು, ಇವನು ತಾಳ ಹಿಡಿದ. ಹಾಡುವವರಲ್ಲಿ ಗೊಂದಲವಾದಾಗ ಎಲ್ಲರೂ ಇವನ ಮುಖ ನೋಡುವರು, ಇವನು ತಾಳದ ಮುಖ ನೋಡುವನು. ಜಳಕೋಟದಲ್ಲಿ ಅಕ್ಕ ಓಣಿಗೆಲ್ಲ ಹೇಳಿಕೊಂಡಿದ್ದಳು. ಕನ್ನಡದ ಹೊತ್ತಿಗೆ ಅಡತಿ ಅಂಗಡಿಯ ಮೆಟ್ಟಿಲ ಮೇಲೆ ಹೋಗಿ ಕೂಡುತ್ತಿದ್ದಳಂತೆ. ಇವನು ಪಂಚಮಿಗೆ ಕರೆತರಲು ಹೋದಾಗ, ದಾರಿ ನೋಡಬೇಡ ಎಂದು ಹೇಳಿಬಂದ. ನಾನು ಜೊತೆಗೆ ಹೋಗಲಿಲ್ಲ. ಅಂಗಡಿಯಲ್ಲಿ ಕೆಲಸ ಇದೆ ಎಂದೆ, ಇರಲಿಲ್ಲ.

ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಅವರು ನಿಲ್ಲಿಸಿದ್ದು ನಿನ್ನ ಹಾಡನ್ನಲ್ಲ, ನಾನು ಬರೆದದ್ದನ್ನು. ಇಷ್ಟೇ ಮಾತು. ದಿನಕ್ಕೆ ಎರಡು ಸಲ ಅವನೂ ನಾನೂ ಒಂದೇ ಸೈಕಲ್ ಮೇಲೆ, ಮೂರನೆಯವರಿಲ್ಲ. ಇವತ್ತು ಹೇಳೋಣ ಎಂದು ಗುಂಜೋಟಿ ಬಿಡುವುದು, ನಾಕೆ ಬಂತು ಎಂದು ಇಳಿಯುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಕೂತವನಿಗೆ ಯಾವ ದಿನವೂ ಒಳ್ಳೆಯ ದಿನವಲ್ಲ. ವರ್ಷ ಕಳೆದ ಹಾಗೆ ಮಾತು ಇನ್ನೂ ಕಠಿಣವಾಯಿತು. ಮೊದಲು ಹೇಳಬೇಕಾಗಿದ್ದು ಒಂದು ತಪ್ಪು, ಆಮೇಲೆ ಅದರ ಜೊತೆ ಇಷ್ಟು ದಿನ ಸುಮ್ಮನಿದ್ದ ತಪ್ಪೂ ಸೇರಿತು.

ಕೊನೆಗೆ ನಾನು ಸೈಕಲ್ ಬಿಟ್ಟೆ. ಅಷ್ಟರಲ್ಲಿ ಹಾಲಿ ಹೋಗಿ, ಆಣೆಯೂ ಹೋಗಿ ನಯಾ ಪೈಸೆ ಬಂದಿತ್ತು. ನನ್ನ ಪಗಾರವೂ ತುಸು ಏರಿತ್ತು. ಮಂಡಿ ನೋವು ಎಂದು ನೆಪ ಹೇಳಿ ಬಸ್ಸು ಹತ್ತತೊಡಗಿದೆ. ಆ ದರ ನನಗೆ ಪೈಸೆ ಪೈಸೆ ನೆನಪಿದೆ. ದಿನಾಲೂ ಬುತ್ತಿಯ ಜೊತೆ ಚಹ ಬಿಟ್ಟು ಉಳಿಸಿದ ದುಡ್ಡು ಅದು. ಮಾತಿಲ್ಲದ ಗೆಳೆಯನನ್ನು ಬೆನ್ನ ಹಿಂದೆ ಕೂರಿಸಿಕೊಂಡು ತುಳಿಯುವುದಕ್ಕಿಂತ ಅದು ನನಗೆ ಅಗ್ಗವೆನಿಸಿತು. ಬಸ್ಸು ಅವನನ್ನು ದಾಟಿ ಹೋಗುವಾಗ ನಾನು ಕಿಟಕಿಯಿಂದ ಮುಖ ಒಳಗೆ ಎಳೆದುಕೊಳ್ಳುತ್ತಿದ್ದೆ. ಅವನು ಧೂಳಿಗೆ ಕಣ್ಣು ಕಿರಿದು ಮಾಡಿಕೊಂಡು ಬದಿಗೆ ನಿಂತಿರುತ್ತಿದ್ದ.

ಮಹಾರಾಷ್ಟ್ರ ಆಯಿತು. ಸಾಹುಕಾರರು ಪೇಢೆ ಹಂಚಿದರು. ಅದೇ ಬೇಸಿಗೆಯಲ್ಲಿ ನಮ್ಮಪ್ಪ ಹಾಸಿಗೆ ಹಿಡಿದ. ಕೊನೆಯ ವಾರದಲ್ಲಿ ಅವನಿಗೆ ಮಾತು ಕಡಿಮೆಯಾಗಿತ್ತು. ಒಂದು ದಿನ ನನ್ನನ್ನು ಹತ್ತಿರ ಕರೆದು, ಸತ್ತ ಮೇಲೆ ತನ್ನನ್ನು ಕೂರಿಸಿದಾಗ ಆ ಸಿಂಪಿಗರ ಹುಡುಗನ ಕೈಯಿಂದ ಹಾಡಿಸು ಎಂದ. ಬೇರೆ ಏನನ್ನೂ ಕೇಳಲಿಲ್ಲ. ಹೊಲದ ಮಾತಿಲ್ಲ, ಮನೆಯ ಮಾತಿಲ್ಲ. ಆ ಹುಡುಗ ಅನ್ನುವವನಿಗೆ ಆಗಲೇ ಎರಡು ಮಕ್ಕಳಾಗಿದ್ದವು. ಹೂಂ ಎಂದೆ.

ಮುಂಜಾನೆ ಎತ್ತುಗಳಿಗೆ ನೀರು ಕುಡಿಸುವ ಹೊತ್ತಿಗೆ ಅಪ್ಪ ಲಿಂಗೈಕ್ಯನಾದ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಮೈಗೆಲ್ಲ ವಿಭೂತಿ ಧರಿಸಿ, ಕೈಯಲ್ಲಿ ಲಿಂಗ ಇಟ್ಟು, ಗೋಡೆಗೆ ಆನಿಸಿ ಕೂರಿಸುತ್ತೇವೆ. ಮಣ್ಣಿಗೆ ಒಯ್ಯುವವರೆಗೆ ಎದುರಿಗೆ ಭಜನೆ ನಡೆದಿರಬೇಕು. ಅಪ್ಪ ಮಠದ ಕಂಬಕ್ಕೆ ಆನಿ ಕೂಡುತ್ತಿದ್ದ ಹಾಗೆಯೇ ಕೂತಿದ್ದ. ಓಣಿಯ ಜನ ಕೂಡಿದರು, ಜಂಗಮರು ಬಂದರು, ಉಮರ್ಗಾದಿಂದ ಸಾಹುಕಾರರೂ ಕಟ್ಟೆಯ ಗಿರಾಕಿಗಳೂ ಬಂದು ಜಮಖಾನೆಯ ಮೇಲೆ ಕೂತರು. ಗೆಳೆಯ ಎಲ್ಲರಿಗಿಂತ ಮೊದಲೇ ಬಂದು ನೀರು ಹೊತ್ತಿದ್ದ. ನಾನು ಅವನನ್ನು ಹಿತ್ತಲಿನ ಬಾಗಿಲಿಗೆ ಕರೆದು ಅಪ್ಪನ ಮಾತು ಹೇಳಿದೆ.

ಅವನು ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡ.

"ಎರಡ ಸಾಲಿಗೆ ಬಸ್ ಅನಿಸಿಕೊಂಡ ದನಿ ಅದು," ಎಂದ. "ಅಂಥಾದ್ದು ನಿಮ್ಮಪ್ಪನ ಮುಂದ ಹ್ಯಾಂಗ ಎತ್ತಲಿ? ಅಂವಾ ದೊಡ್ಡಾಂವ, ಅವಂಗ ಚಲೋದು ಆಗಬೇಕು. ಬ್ಯಾಡ. ನಾ ತಾಳ ಹಿಡೀತೀನಿ."

ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಿತ್ತಲಿನಲ್ಲಿ ನಾವಿಬ್ಬರೇ ಇದ್ದೆವು. ಆದರೆ ಬಾಗಿಲಿನ ಆಚೆ ಸಾಹುಕಾರರ ತಲೆಯ ಪಟಗ ಕಾಣುತ್ತಿತ್ತು, ಕಟ್ಟೆಯ ಜನ ಕಾಣುತ್ತಿದ್ದರು. ಇವನು ಸಿಟ್ಟಿಗೆದ್ದು ದನಿ ಎತ್ತಿದರೆ? ಅಪ್ಪನನ್ನು ಕೂರಿಸಿಕೊಂಡು ಊರ ಮುಂದೆ ನನ್ನ ಮಾನ ಹೋದರೆ? ಎಲ್ಲ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಆಗಲಿ ಎಂದು ತಲೆ ಅಲ್ಲಾಡಿಸಿ ಒಳಗೆ ಬಂದೆ.

ಭಜನೆಯನ್ನು ಬೇರೊಬ್ಬರು ಎತ್ತಿದರು. ಪಾಪ, ಅವರಿಗೆ ವಯಸ್ಸಾಗಿತ್ತು. ಮೇಲಿನ ಸ್ವರಕ್ಕೆ ಹೋದಾಗ ಕೆಮ್ಮು ಬರುತ್ತಿತ್ತು, ಸಾಲು ಅರ್ಧಕ್ಕೆ ಬಿಟ್ಟು ನೀರು ಕುಡಿಯುತ್ತಿದ್ದರು. ಆ ಖಾಲಿ ಜಾಗದಲ್ಲಿ ತಾಳ ಮಾತ್ರ ತಪ್ಪದೆ ನಡೆಯುತ್ತಿತ್ತು. ಕೂರಿಸಿ ಹೊರುವ ವಿಮಾನ ಕಟ್ಟಿ ಅಪ್ಪನನ್ನು ಹೊಲಕ್ಕೆ ಒಯ್ಯುವಾಗಲೂ ಗೆಳೆಯ ಮುಂದೆ ತಾಳ ಬಾರಿಸುತ್ತ ನಡೆದ, ತುಟಿ ಬಿಚ್ಚಲಿಲ್ಲ. ಅಪ್ಪನನ್ನು ಕುಣಿಯೊಳಗಿನ ಗೂಡಿನಲ್ಲಿ ಕೂರಿಸಿ, ಎಲ್ಲರೂ ಪತ್ರಿ ಹಾಕಿ, ಮಣ್ಣು ಎಳೆದೆವು.

ಜನ ಬಾವಿಯಲ್ಲಿ ಮಿಂದು ಊರ ಕಡೆ ಹೋದರು. ನಾವಿಬ್ಬರೇ ಉಳಿದೆವು. ಬಾವಿಯ ದಂಡೆಯ ಮೇಲೆ ಕೂತು ನಾನು ಹೇಳಿದೆ. ಭಾಷೆ ಎಂಬ ಮನೆಯ ಮಾತು, ಕೈಯ ರೂಢಿ, ಲಕೋಟೆ ಅಂಟಿಸುವ ಮುಂಚೆ ನೋಡಿದ್ದು, ಪೆಟ್ಟಿಗೆಯಲ್ಲಿದ್ದ ಇನ್ನೊಂದು ಫಾರ್ಮು. ಅವರು ನಿಲ್ಲಿಸಿದ್ದು ಅವನ ಹಾಡನ್ನಲ್ಲ ಎಂದೆ. ಹೊಟ್ಟೆಕಿಚ್ಚಿನ ಮಾತು ಆಗಲೂ ಹೇಳಲಿಲ್ಲ. ಅವನು ಬೈಯಲಿ, ಹೊಡೆಯಲಿ ಎಂದು ಕಾದೆ. ಅವನು ತಾಳದ ಹಗ್ಗವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದ.

"ರೇಡಿಯೋ ಹಾಳಾಗಿ ಹೋಗ್ಲಿ," ಎಂದ ಕೊನೆಗೆ. "ಇದನ್ನ ಮುಂಜಾನಿ ಹೇಳಿದ್ದಿ ಅಂದ್ರ ನಾ ನಿಮ್ಮಪ್ಪಗ ಹಾಡ್ತಿದ್ದೆ."

ಎದ್ದು, ಅಪ್ಪನ ಮೇಲಿನ ಹಸಿಮಣ್ಣಿಗೆ ಕೈ ಮುಗಿದು, ಹೊಲದ ಬದುವಿನ ಮೇಲೆ ಊರ ಕಡೆ ನಡೆದ. ನಾನು ಬಾವಿಯ ದಂಡೆ ಬಿಟ್ಟು ಏಳಲಿಲ್ಲ.